ಮುದ್ರೆಯೊತ್ತಿದ ಇಡುಗಂಟು: ರೋಗಿಯ ಗುಟ್ಟು ಮತ್ತು ನ್ಯಾಸಧರ್ಮ

ರೋಗಿಯು ವೈದ್ಯನ ಮುಂದೆ ಬಾಯಿ ಬಿಡದಿದ್ದರೆ ಚಿಕಿತ್ಸೆ ನಡೆಯದು, ಬಿಟ್ಟರೆ ಆ ಮಾತಿನ ಮೇಲೆ ಅವನಿಗಿದ್ದ ಹಿಡಿತ ಅಲ್ಲಿಗೆ ಮುಗಿಯುತ್ತದೆ. ವೈದ್ಯನಲ್ಲಿಯೂ ವಕೀಲನಲ್ಲಿಯೂ ಏನನ್ನೂ ಮುಚ್ಚಿಡಬಾರದೆಂಬ ರೂಢಿಯ ಮಾತು ಹೇಳುವವನ ಕರ್ತವ್ಯವನ್ನಷ್ಟೇ ಸೂಚಿಸುತ್ತದೆ. ಕೇಳಿಸಿಕೊಂಡವನ ಕರ್ತವ್ಯವೇನೆಂಬುದು ಅದರಲ್ಲಿ ಅಡಗಿಯೇ ಉಳಿದಿದೆ. ಈಚಿನ ವರ್ಷಗಳಲ್ಲಿ ರೋಗಿಯ ಮಾತು ವೈದ್ಯನ ಕಿವಿಯನ್ನು ಮುಟ್ಟುವ ಮೊದಲೇ ಆರೋಗ್ಯ ಜಾಲತಾಣದ ಹುಡುಕುಪಟ್ಟಿಯಲ್ಲಿ ಬೀಳುತ್ತದೆ. ಮುಟ್ಟು ತಪ್ಪಿದ್ದು, ಮೂರ್ಛೆ ಬಂದದ್ದು, ಕುಡಿತ ಬಿಡಲಾಗದ್ದು, ಸಾಯಬೇಕೆನಿಸಿದ್ದು, ಹೀಗೆ ಮನೆಯವರಿಗೂ ತಿಳಿಯದ ಸಂಗತಿಗಳನ್ನು ಮನುಷ್ಯನು ಮುಖವಿಲ್ಲದ ಒಂದು ವ್ಯವಸ್ಥೆಗೆ ಹೇಳಿಕೊಳ್ಳುತ್ತಾನೆ. ಹಾಗೆ ಹೇಳಿಕೊಂಡದ್ದು ಮಾರಬಹುದಾದ ಸೊತ್ತೋ, ಸಾಲವೋ, ದಾನವೋ ಅಥವಾ ಇಡುಗಂಟೋ ಎಂಬುದು ಮೇಲುನೋಟಕ್ಕೆ ತಂತ್ರಜ್ಞಾನದ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ಧರ್ಮಜಿಜ್ಞಾಸೆಯೇ ಆಗಿದೆ. ಮತ್ತು ಕನ್ನಡ ನಾಡಿನ ನಂಟುಳ್ಳ ಎರಡು ಸಂಸ್ಕೃತ ವ್ಯಾಖ್ಯಾನಗಳಲ್ಲಿ ಇದಕ್ಕೆ ಇಂದಿನ ಕಾನೂನಿಗಿಂತ ಹದವಾದ ಉತ್ತರದ ಎಳೆಗಳಿವೆ.

ಮೊದಲು ವೈದ್ಯಶಾಸ್ತ್ರದ ಮಾತು. ಚರಕ ಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ಗುರುವು ಅಗ್ನಿ, ಬ್ರಾಹ್ಮಣ ಮತ್ತು ವೈದ್ಯರ ಸಮ್ಮುಖದಲ್ಲಿ ಶಿಷ್ಯನಿಗೆ ವಿಧಿಸುವ ನಿಯಮಗಳಿವೆ. ರೋಗಿಯ ಮನೆಯನ್ನು ಆ ಮನೆಗೆ ಪರಿಚಿತನೂ ಪ್ರವೇಶಾನುಮತಿ ಉಳ್ಳವನೂ ಆದವನ ಜೊತೆಯಲ್ಲಿಯೇ ಹೊಗಬೇಕು, ಹೊಕ್ಕ ಮೇಲೆ ಮಾತು, ಮನಸ್ಸು, ಇಂದ್ರಿಯಗಳನ್ನು ರೋಗಿಯ ಹಿತದ ಹೊರತು ಬೇರೆಲ್ಲಿಯೂ ಹರಿಯಬಿಡಬಾರದು, ಆ ಮನೆತನದ ನಡೆವಳಿಗಳನ್ನು ಹೊರಗೆ ಆಡಬಾರದು ಎಂಬುದು ಅವುಗಳ ತಾತ್ಪರ್ಯ. ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಕಾಪಾಡಬೇಕಾದದ್ದು ರೋಗದ ಹೆಸರಷ್ಟೇ ಆಗಿರದೆ, ರೋಗದ ನೆಪದಲ್ಲಿ ಕಣ್ಣಿಗೆ ಬಿದ್ದ ಇಡೀ ಮನೆವಾರ್ತೆಯೂ ಆಗಿದೆ. ಮತ್ತು ಈ ನಿಯಮ ರೋಗಿಯ ಅನುಮತಿಯ ಮೇಲೆ ನಿಂತಿಲ್ಲ, ವೈದ್ಯನು ತೊಟ್ಟ ವ್ರತದ ಮೇಲೆ ನಿಂತಿದೆ. ಗ್ರೀಕರ ಹಿಪೊಕ್ರಾಟಿಸನ ಹೆಸರಿನ ಪ್ರತಿಜ್ಞೆಯೂ ಈ ಎರಡು ಅಂಶಗಳಲ್ಲಿ ಇದನ್ನೇ ಹೋಲುತ್ತದೆ.

ಧರ್ಮಶಾಸ್ತ್ರವು ಇದೇ ಸಂಬಂಧಕ್ಕೆ ಬೇರೊಂದು ದಾರಿಯಿಂದ ಬರುತ್ತದೆ. ಮನುವು ಎಣಿಸುವ 18 ವ್ಯವಹಾರಪದಗಳಲ್ಲಿ, ಅಂದರೆ ನ್ಯಾಯಸಭೆಗೆ ಬರಬಹುದಾದ ವ್ಯಾಜ್ಯದ ವಿಷಯಗಳಲ್ಲಿ, ಸಾಲದ ಬೆನ್ನಿಗೇ ಬರುವುದು ನಿಕ್ಷೇಪ, ಎಂದರೆ ನಂಬಿ ಒಬ್ಬರ ಕೈಯಲ್ಲಿ ಇಟ್ಟ ವಸ್ತು. ಯಾಜ್ಞವಲ್ಕ್ಯ ಸ್ಮೃತಿ ಇದರಲ್ಲಿಯೇ ಒಂದು ವಿಶೇಷ ಬಗೆಯನ್ನು ಗುರುತಿಸಿ ಉಪನಿಧಿಯೆಂದು ಕರೆಯುತ್ತದೆ: ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿ ಮುಚ್ಚಿ ಒಪ್ಪಿಸಿದ ಇಡುಗಂಟು ಅದು, ಹೇಗೆ ಕೊಟ್ಟರೋ ಹಾಗೆಯೇ ಹಿಂತಿರುಗಬೇಕಾದದ್ದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಈ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಮುಂದೆ ಹಿಂದೂ ಉತ್ತರಾಧಿಕಾರದ ಕಾನೂನಿಗೆ ಆಧಾರವಾಯಿತೆಂಬ ಕಾರಣಕ್ಕೆ ಪ್ರಸಿದ್ಧವಾಗಿದೆ. ಅದರ ಉಪನಿಧಿ ಪ್ರಕರಣವನ್ನು ಓದುವವರು ಕಡಿಮೆ. ರಾಜ, ದೈವ ಅಥವಾ ಕಳ್ಳರಿಂದ ಹೋದ ಇಡುಗಂಟಿಗೆ ಇಟ್ಟುಕೊಂಡವನು ಹೊಣೆಯಲ್ಲ, ಆದರೆ ಅದನ್ನು ತನ್ನಿಚ್ಛೆಯಿಂದ ಬಳಸಿ ಅದರಿಂದ ಬದುಕು ಮಾಡಿಕೊಂಡವನು ದಂಡಕ್ಕೂ ಗುರಿಯಾಗಬೇಕು, ಲಾಭಸಹಿತವಾಗಿ ಒಡೆಯನಿಗೂ ತುಂಬಿಕೊಡಬೇಕು ಎಂಬುದು ಸ್ಮೃತಿಯ ವಿಧಿ. ಇದಕ್ಕೆ ಪೂರಕವಾಗಿ ಸ್ಮೃತಿಕಾರ ಕಾತ್ಯಾಯನನ ಹೆಸರಿನಲ್ಲಿ ಪ್ರಚಲಿತವಾಗಿರುವ ವಚನವೊಂದು ತಪ್ಪನ್ನು ಮೂರು ಮೆಟ್ಟಿಲುಗಳಲ್ಲಿ ಅಳೆಯುತ್ತದೆ: ತಿಂದುಹಾಕಿದವನು ಬಡ್ಡಿಸಹಿತ ಕೊಡಬೇಕು, ಉಪೇಕ್ಷೆಯಿಂದ ಕಳೆದವನು ಅಷ್ಟಕ್ಕಷ್ಟು ಕೊಡಬೇಕು, ಅರಿಯದೆ ಕೆಡಿಸಿದವನು ತುಸು ಕಡಿಮೆ ಕೊಟ್ಟರೂ ಸಾಕು.

ಆರೋಗ್ಯ ಜಾಲತಾಣಗಳ ನಡೆವಳಿಯನ್ನು ಈ ಮೂರು ಮೆಟ್ಟಿಲುಗಳ ಮೇಲಿಟ್ಟು ನೋಡಿದರೆ ಅನೇಕ ಗೋಜಲುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಓದುಗನೊಬ್ಬನು ಒಂದು ಕಾಯಿಲೆಯ ಪುಟವನ್ನು ತೆರೆದಾಗ ಆ ಪುಟದೊಳಗೆ ಹುದುಗಿಸಿದ ಪಿಕ್ಸೆಲ್ ಎಂಬ ಕಣ್ಣಿಗೆ ಕಾಣದ ಚುಕ್ಕೆಯೋ, ಕುಕಿ ಎಂಬ ಗುರುತಿನ ಚೀಟಿಯೋ, ಅಳತೆಗೆಂದು ಸೇರಿಸಿದ ಸಂಕೇತದ ಸಾಲುಗಳೋ ಆ ಪುಟದ ವಿಳಾಸವನ್ನು ಮೂರನೆಯವರಿಗೆ ರವಾನಿಸುತ್ತವೆ. ವಿಳಾಸದಲ್ಲಿಯೇ ಕಾಯಿಲೆಯ ಹೆಸರಿರುವುದು ಸಾಮಾನ್ಯವಾದ್ದರಿಂದ ಬೇರೆ ಗೂಢಚರ್ಯೆಯ ಅಗತ್ಯವೇ ಬೀಳುವುದಿಲ್ಲ. ಅಮೆರಿಕದ ಸಂಶೋಧಕ ಟಿಮೊಥಿ ಲಿಬರ್ಟ್ 80,142 ಆರೋಗ್ಯ ಪುಟಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 90ಕ್ಕೂ ಹೆಚ್ಚು ಪುಟಗಳು ಹೀಗೆ ಹೊರಗಿನವರನ್ನು ಸಂಪರ್ಕಿಸುತ್ತಿದ್ದವು. ಪಿಕ್ಸೆಲ್ ಏನು ಮಾಡುತ್ತದೆಂದು ತಿಳಿಯದೆಯೇ ಅದನ್ನು ಅಂಟಿಸಿಕೊಂಡ ತಾಣ ಮೂರನೆಯ ಮೆಟ್ಟಿಲಿನದು. ಎರಡನೆಯದಕ್ಕೆ ಫಿನ್‌ಲೆಂಡಿನ ವಾಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆ ಉದಾಹರಣೆ: ಸಾಕಷ್ಟು ಕಾವಲಿಲ್ಲದ ಅದರ ದಾಖಲೆಗಳು 2018ರಷ್ಟು ಹಿಂದೆಯೇ ಕಳುವಾಗಿ, 2020ರ ಅಕ್ಟೋಬರಿನಲ್ಲಿ ಸುಮಾರು 33,000 ರೋಗಿಗಳ ಗುಟ್ಟುಗಳು ಬೆದರಿಕೆಯ ಸರಕಾದವು, ಚಿಕಿತ್ಸಕನ ಕೋಣೆಯಲ್ಲಿ ಆಡಿದ ಮಾತನ್ನು ಬಯಲಿಗೆ ಹಾಕದಿರಲು ಒಬ್ಬೊಬ್ಬ ರೋಗಿಯಿಂದಲೂ ಹಣ ಕೇಳಲಾಯಿತು. ಕಳ್ಳನು ಕದ್ದರೆ ಹೊಣೆಯಿಲ್ಲವೆಂಬ ಸ್ಮೃತಿಯ ವಿನಾಯಿತಿ ಬಾಗಿಲನ್ನು ತೆರೆದಿಟ್ಟವನಿಗೆ ಸಲ್ಲುವಂಥದಲ್ಲ.

ತಿಂದುಹಾಕುವ ಮೊದಲ ಮೆಟ್ಟಿಲೇ ಇವುಗಳಲ್ಲಿ ಹೆಚ್ಚು ವಿಚಾರಾರ್ಹ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಮಾರ್ಚ್‌ನಲ್ಲಿ ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಆಪ್ತಸಲಹೆ ಸಂಸ್ಥೆಯ ಮೇಲೆ ಹೊರಿಸಿದ ಆರೋಪವೆಂದರೆ, ಗುಟ್ಟಾಗಿ ಇಡುವೆವೆಂದು ಮಾತು ಕೊಟ್ಟು ಪಡೆದ ಇಮೇಲ್ ವಿಳಾಸಗಳನ್ನೂ ಆರೋಗ್ಯ ಪ್ರಶ್ನಾವಳಿಯ ವಿವರಗಳನ್ನೂ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮೊದಲಾದ ಕಂಪನಿಗಳಿಗೆ ಜಾಹೀರಾತಿಗಾಗಿ ಒದಗಿಸಲಾಗಿತ್ತು ಎಂಬುದು. ಸಂಸ್ಥೆ 78 ಲಕ್ಷ ಡಾಲರ್ ಕೊಡಲು ಒಪ್ಪಿತು. ಅದಕ್ಕೂ ಒಂದು ತಿಂಗಳ ಹಿಂದೆ ಔಷಧದ ರಿಯಾಯಿತಿ ಒದಗಿಸುವ ಗುಡ್‌ಆರ್‌ಎಕ್ಸ್ ಇದೇ ಬಗೆಯ ಆರೋಪಕ್ಕೆ 15 ಲಕ್ಷ ಡಾಲರ್ ದಂಡ ತೆರಲು ಸಮ್ಮತಿಸಿತ್ತು. ವೈದ್ಯಕೀಯ ಗೋಪ್ಯತೆಯ ನಿಯಮಗಳಿಗೆ ಅಲ್ಲಿ ಆಧಾರವಾಗಿರುವ 1996ರ ಹಿಪಾ ಕಾಯಿದೆ ಆಸ್ಪತ್ರೆ, ವೈದ್ಯ, ವಿಮಾ ಸಂಸ್ಥೆ ಮುಂತಾದವರನ್ನು ಕಟ್ಟಿಹಾಕುತ್ತದೆಯೇ ಹೊರತು ಬಹುಪಾಲು ಆರೋಗ್ಯ ತಾಣಗಳನ್ನೂ ಆ್ಯಪ್‌ಗಳನ್ನೂ ಮುಟ್ಟುವುದಿಲ್ಲ. ಅಂದರೆ ಅದೇ ಮಾತು, ಅದೇ ರೋಗಿ, ಅದೇ ಕಾಯಿಲೆ. ಕೇಳಿಸಿಕೊಂಡವನು ವೈದ್ಯನಾದರೆ ಗುಟ್ಟು, ಇಲ್ಲವಾದರೆ ಸರಕು. ಚರಕನ ಶಿಷ್ಯನಿಗೆ ಈ ಭೇದ ಅರ್ಥವಾಗುತ್ತಿರಲಿಲ್ಲ.

ಆದರೆ ಇಡುಗಂಟಿನ ಹೋಲಿಕೆಗೂ ಒಂದು ಮಿತಿಯಿದೆ. ಚಿನ್ನವನ್ನು ಮರಳಿಸಿದರೆ ಇಟ್ಟುಕೊಂಡವನ ಕೈ ಬರಿದಾಗುತ್ತದೆ, ಗುಟ್ಟನ್ನು ಮರಳಿಸುವುದೆಂದರೇನು? ನಕಲಾಗುವ ವಸ್ತುವನ್ನು ಕದ್ದರೂ ಒಡೆಯನ ಬಳಿ ಅದು ಉಳಿದೇ ಇರುವುದರಿಂದ ಕಳವೆಂಬ ಪರಿಕಲ್ಪನೆ ಇಲ್ಲಿ ಪೂರ್ತಿಯಾಗಿ ಹೊಂದುವುದಿಲ್ಲ. ಈ ತೊಡಕನ್ನು ಜೈನ ನೀತಿಶಾಸ್ತ್ರವು ಆಶ್ಚರ್ಯಕರವಾದ ವಿಂಗಡಣೆಯೊಂದರಿಂದ ದಾಟುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಗೃಹಸ್ಥರ ಅಣುವ್ರತಗಳಿಗೆ, ಎಂದರೆ ಸಂಸಾರಿಗಳು ಪಾಲಿಸಬಹುದಾದ ಕಿರಿಯ ವ್ರತಗಳಿಗೆ, ತಗಲುವ ಅತಿಚಾರಗಳನ್ನು ಐದೈದಾಗಿ ಎಣಿಸುತ್ತದೆ. ಅತಿಚಾರವೆಂದರೆ ವ್ರತಭಂಗವಲ್ಲ, ವ್ರತವನ್ನು ಅಕ್ಷರಶಃ ಉಳಿಸಿಕೊಂಡೇ ಅದರ ಜೀವಕ್ಕೆ ತಂದುಕೊಳ್ಳುವ ಕಲೆ. ಗುಟ್ಟನ್ನು ಬಯಲು ಮಾಡುವುದು, ಇಡುಗಂಟನ್ನು ಅಪಹರಿಸುವುದು ಇವೆರಡೂ ಅಲ್ಲಿ ಬರುವುದು ಅಚೌರ್ಯ ವ್ರತದ ಕೆಳಗಲ್ಲ, ಸತ್ಯವ್ರತದ ಕೆಳಗೆ.

ನಿಜವನ್ನೇ ಹೇಳಿದವನು ಸತ್ಯವ್ರತಕ್ಕೆ ಹೇಗೆ ತಪ್ಪಿದಂತಾಯಿತು ಎಂಬ ಪ್ರಶ್ನೆಗೆ ಉತ್ತರ ಪೂಜ್ಯಪಾದನ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿದೆ. ಕನ್ನಡ ನಾಡಿನ ಜೈನ ಪರಂಪರೆ ವೈಯಾಕರಣನೆಂದೂ ವೈದ್ಯಶಾಸ್ತ್ರಕಾರನೆಂದೂ ನೆನೆಯುವ ಈ ಆಚಾರ್ಯನ ಪ್ರಕಾರ ಪ್ರಾಣಿಗಳಿಗೆ ಪೀಡೆ ತರುವ ಮಾತು, ಅದರ ವಿಷಯ ಇದ್ದದ್ದೇ ಆಗಿರಲಿ ಇಲ್ಲದ್ದಾಗಿರಲಿ, ಅನೃತವೇ ಸರಿ. ಮಾತಿನ ಸತ್ಯತೆ ವಸ್ತುಸ್ಥಿತಿಯೊಡನೆ ಹೊಂದುವುದರಲ್ಲಿ ಮಾತ್ರವಿರದೆ, ಆಡುವವನಿಗೂ ಆ ಮಾತು ಯಾರಿಗೆ ತಾಕುತ್ತದೋ ಅವನಿಗೂ ನಡುವಿನ ಸಂಬಂಧದಲ್ಲಿಯೂ ಇದೆ ಎಂಬುದು ಇದರ ನಿಲುವು. ಇಬ್ಬರ ನಡುವೆ ಏಕಾಂತದಲ್ಲಿ ನಡೆದುದನ್ನು ಹೊರಗೆಡಹುವ ರಹೋಭ್ಯಾಖ್ಯಾನ ಈ ಸಾಲಿನ ಒಂದು ಅತಿಚಾರ. ನ್ಯಾಸಾಪಹಾರ, ಎಂದರೆ ಇಡುಗಂಟಿನ ಅಪಹರಣ, ಇನ್ನೊಂದು, ಮತ್ತು ಅದರ ವಿವರಣೆ ಇಂದಿನ ಓದುಗನನ್ನು ತಡೆದು ನಿಲ್ಲಿಸುವಂತಿದೆ: ಹೊನ್ನನ್ನು ಇಟ್ಟವನು ಎಣಿಕೆಯನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹೌದು ಅಷ್ಟೇ ಎಂದು ಒಪ್ಪಿ ಅಷ್ಟನ್ನೇ ಕೊಡುವುದು. ಇಲ್ಲಿ ಬಲಾತ್ಕಾರವಿಲ್ಲ, ಸುಳ್ಳು ಲೆಕ್ಕ ಬರೆದದ್ದೂ ಇಲ್ಲ; ಇನ್ನೊಬ್ಬನ ಮರೆವನ್ನು ಅವನ ಸಮ್ಮತಿಯೆಂದು ಎಣಿಸಿಕೊಂಡದ್ದಷ್ಟೇ ಇದೆ.

ಜಾಲತಾಣಗಳ ‘ಒಪ್ಪಿದ್ದೇನೆ’ ಎಂಬ ಗುಂಡಿ ನಿಂತಿರುವುದು ಈ ಮರೆವಿನ ಮೇಲೆಯೇ. ಹತ್ತಾರು ಪುಟಗಳ ಗೋಪ್ಯತಾ ನೀತಿಯಲ್ಲಿ ಎಲ್ಲವನ್ನೂ ಬರೆದಿರುತ್ತಾರೆ, ಹುಡುಕಿದರೆ ಸುಳ್ಳು ಸಿಗಲಾರದು. ತಲೆನೋವಿನಿಂದ ಒದ್ದಾಡುತ್ತಿರುವವನು ಅದನ್ನು ಓದುವುದಿಲ್ಲವೆಂಬುದು ಬರೆದವರಿಗೂ ಗೊತ್ತು, ತಾನು ಏನೇನು ಒಪ್ಪಿಸಿದೆನೆಂಬ ಎಣಿಕೆ ಅವನಲ್ಲಿ ಉಳಿಯುವುದಿಲ್ಲವೆಂಬುದೂ ಗೊತ್ತು. ವ್ರತ ಉಳಿದಿದೆ, ಕಲೆ ಬಿದ್ದಿದೆ.

ಸತ್ಯವ್ರತದ ಸಾಲಿನಲ್ಲಿಯೇ ಬರುವ ಸಾಕಾರಮಂತ್ರಭೇದವೆಂಬ ಮತ್ತೊಂದು ಅತಿಚಾರ ಇನ್ನೂ ಸೂಕ್ಷ್ಮವಾದುದು. ಒಬ್ಬನು ಬಾಯಿಬಿಟ್ಟು ಹೇಳದಿದ್ದರೂ ಸಂದರ್ಭದಿಂದ, ಅಂಗವಿಕಾರದಿಂದ, ಹುಬ್ಬಿನ ಚಲನೆಯಿಂದ ಅವನ ಅಭಿಪ್ರಾಯವನ್ನು ಊಹಿಸಿ ಅದನ್ನು ಬಯಲು ಮಾಡುವುದು ಇದರ ಲಕ್ಷಣ. ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತ, ಯಾವ ಔಷಧದ ಬೆಲೆ ನೋಡಿದ ಎಂಬ ಚಲನೆಗಳಿಂದ ಗರ್ಭ, ಖಿನ್ನತೆ, ಸಕ್ಕರೆ ಕಾಯಿಲೆಗಳನ್ನು ಊಹಿಸುವ ಜಾಹೀರಾತು ಯಂತ್ರಗಳು ಓದುವುದು ಇಂಥ ಹುಬ್ಬನ್ನೇ. ಹೆಸರು ತೆಗೆದಿದ್ದೇವೆ ಎಂಬ ಸಮಾಧಾನವೂ ಇಲ್ಲಿ ಗಟ್ಟಿಯಲ್ಲ: 1990ರ ದಶಕದಲ್ಲಿ ಲಟಾನ್ಯಾ ಸ್ವೀನಿ ಎಂಬ ವಿದ್ವಾಂಸೆ ಹೆಸರಿಲ್ಲದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯೊಡನೆ ಹೋಲಿಸಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರನ ದಾಖಲೆಯನ್ನೇ ಗುರುತಿಸಿದ್ದಳು, ಅದಕ್ಕೆ ಬೇಕಾದದ್ದು ಹುಟ್ಟಿದ ದಿನಾಂಕ, ಲಿಂಗ ಮತ್ತು ಅಂಚೆ ಸಂಖ್ಯೆ ಮಾತ್ರ. ಪೂಜ್ಯಪಾದನು ಸಾಕಾರಮಂತ್ರಭೇದಕ್ಕೆ ಅಸೂಯೆಯನ್ನು ಪ್ರೇರಣೆಯಾಗಿ ಹೇಳುವುದರಿಂದ, ಅಸೂಯೆಯಿಲ್ಲದ ಯಂತ್ರಕ್ಕೆ ಈ ದೋಷ ತಗಲದೆಂದು ಯಾರಾದರೂ ವಾದಿಸಬಹುದು. ಆದರೆ ಜೈನ ದರ್ಶನದಲ್ಲಿ ಹಿಂಸೆ, ಅನೃತಗಳಿಗೆಲ್ಲ ಬೇರಾಗಿರುವುದು ಪ್ರಮಾದ, ಅಂದರೆ ಎಚ್ಚರಗೇಡಿತನ. ಯಂತ್ರವನ್ನು ಕಟ್ಟಿ ನಿಲ್ಲಿಸಿದ ಮನುಷ್ಯನಿಗೆ ಅದರಿಂದ ವಿನಾಯಿತಿಯಿಲ್ಲ.

ಗುಟ್ಟಿನ ರಕ್ಷಣೆ ನಿರಪವಾದವಾದ ಧರ್ಮವೆಂದು ಇದರಿಂದ ತಿಳಿಯಬೇಕಾಗಿಲ್ಲ. ಎಚ್‌ಐವಿ ಸೋಂಕಿತನೊಬ್ಬನ ವಿಷಯ ತಿಳಿದು ಮದುವೆ ಮುರಿದ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು 1998ರಲ್ಲಿ, ವಧುವಾಗಲಿದ್ದವಳ ಜೀವದ ಹಕ್ಕು ರೋಗಿಯ ಗೋಪ್ಯತೆಗಿಂತ ಮಿಗಿಲೆಂದು ಹೇಳಿತು. ಅಪಾಯದಲ್ಲಿರುವ ಒಬ್ಬ ವ್ಯಕ್ತಿಗೆ ತಿಳಿಸುವುದು ಒಂದು, ಊರಿಗೆಲ್ಲ ಸಾರುವುದು ಇನ್ನೊಂದು. ಕೋವಿಡ್ ಹರಡುತ್ತಿದ್ದ 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಗೃಹ ಪ್ರತ್ಯೇಕವಾಸದಲ್ಲಿದ್ದವರ ಮನೆ ವಿಳಾಸಗಳನ್ನು ಬಹಿರಂಗಪಡಿಸಿದಾಗ ಈ ಎರಡರ ನಡುವಿನ ಗೆರೆ ಅಳಿಸಿಹೋಯಿತು. ಭೀತಿಯ ಕಾಲವೆಂಬುದು ಅದಕ್ಕೆ ಕಾರಣವಾಗಬಹುದು, ಸಮರ್ಥನೆಯಾಗಲಾರದು. ಮುಂದೆ 2021ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, ಸೋಂಕಿನ ಜಾಡು ಹಿಡಿಯುವ ಆರೋಗ್ಯ ಸೇತು ಆ್ಯಪ್‌ನಲ್ಲಿ ಸಂಗ್ರಹವಾದ ಆರೋಗ್ಯ ವಿವರಗಳನ್ನು ಬಳಕೆದಾರರ ತಿಳಿವಳಿಕೆಯುಳ್ಳ ಸಮ್ಮತಿಯಿಲ್ಲದೆ ಹಂಚಬಾರದೆಂದು ಮಧ್ಯಂತರ ಆದೇಶ ನೀಡಿತು.

ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅದರ ಫಲವಾಗಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ಸಮ್ಮತಿ ಕೋರುವ ಸೂಚನೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಓದುವ ಅವಕಾಶ ಕೊಟ್ಟಿದೆ. ಮರೆವಿಗೆ ಇದು ಒಂದು ಮದ್ದು. ವಿವರಗಳನ್ನು ಸಂಗ್ರಹಿಸುವವನನ್ನು ಅದು ‘ಡೇಟಾ ಫಿಡ್ಯೂಷಿಯರಿ’ ಎಂದು ಕರೆಯುತ್ತದೆ. ಲ್ಯಾಟಿನ್ನಿನ ನಂಬಿಕೆಯೆಂಬ ಮೂಲದಿಂದ ಬಂದ ಈ ಪದಕ್ಕೆ ನ್ಯಾಸಧಾರಿ ಎಂಬುದು ಸರಿಯಾದ ಕನ್ನಡ; ಆದರೆ ಕಾಯಿದೆ ಕೊಡುವ ಲಕ್ಷಣದಲ್ಲಿ ನಂಬಿಕೆಯ ಮಾತಿಲ್ಲ, ವಿವರಗಳನ್ನು ಏತಕ್ಕೆ ಮತ್ತು ಹೇಗೆ ಬಳಸಬೇಕೆಂದು ತೀರ್ಮಾನಿಸುವವನು ಎಂದಷ್ಟೇ ಇದೆ. ಹೆಸರಿನಲ್ಲಿ ನ್ಯಾಸ, ಅರ್ಥದಲ್ಲಿ ಯಜಮಾನಿಕೆ. ಮಾಹಿತಿ ತಂತ್ರಜ್ಞಾನ ಕಾಯಿದೆಯಡಿಯ 2011ರ ನಿಯಮಗಳು ಆರೋಗ್ಯದ ವಿವರಗಳನ್ನು ಸೂಕ್ಷ್ಮವೆಂದು ಪ್ರತ್ಯೇಕಿಸಿದ್ದವು. ಹೊಸ ಕಾಯಿದೆಯಲ್ಲಿ ಆ ಪ್ರತ್ಯೇಕ ವರ್ಗವಿಲ್ಲ, ರಕ್ತಪರೀಕ್ಷೆಯ ಫಲಿತಾಂಶವೂ ಚಪ್ಪಲಿಯ ಅಳತೆಯೂ ಅದರ ಕಣ್ಣಿಗೆ ಒಂದೇ.

ದಂಡದ ವಿಷಯದಲ್ಲಿ ಸ್ಮೃತಿಗೂ ಕಾಯಿದೆಗೂ ಇರುವ ಅಂತರ ಇನ್ನೂ ಸ್ಪಷ್ಟ. ಅಮೆರಿಕದಲ್ಲಿ ಬೆಟರ್‌ಹೆಲ್ಪ್ ತೆತ್ತ ಹಣ ಬಳಕೆದಾರರಿಗೆ ಮರುಪಾವತಿಗೆಂದು ಮೀಸಲಾಯಿತು. ಯಾಜ್ಞವಲ್ಕ್ಯನ ವಿಧಿಯಲ್ಲಿ ರಾಜನ ದಂಡ ಬೇರೆ, ಒಡೆಯನಿಗೆ ಸಲ್ಲುವ ಲಾಭಸಹಿತ ಪರಿಹಾರ ಬೇರೆ. ಆದರೆ ಭಾರತದಲ್ಲಿ ನಿರ್ಲಕ್ಷ್ಯಕ್ಕೆ ನಷ್ಟಪರಿಹಾರ ಕೇಳಲು ಆಧಾರವಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ಎ ಕಲಮನ್ನು ತೆಗೆದುಹಾಕಲು 2023ರ ಕಾಯಿದೆಯೇ ವಿಧಿಸಿದೆ. ಅದರಡಿಯಲ್ಲಿ 250 ಕೋಟಿ ರೂಪಾಯಿಯವರೆಗೆ ವಿಧಿಸಬಹುದಾದ ದಂಡ ಜಮೆಯಾಗುವುದು ಭಾರತದ ಸಂಚಿತ ನಿಧಿಗೆ. ಗುಟ್ಟು ಬಯಲಾದ ರೋಗಿಗೆ ಅದರಲ್ಲಿ ಒಂದು ರೂಪಾಯಿಯ ಪಾಲೂ ಇಲ್ಲ.