ಜೀವ ಉಳಿದ ಮೇಲೆ

ಅನಗೋಳದ ಹಿರಿಯರೊಬ್ಬರಿಗೆ ಪರಮಪ್ರಸಾದ ನೀಡುವಾಗ ಒಂದು ಚಮಚ ನೀರನ್ನೂ ಸಿದ್ಧವಾಗಿರಿಸಿಕೊಳ್ಳಬೇಕು. ಬಾಯಿಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ, ಜನರ ಮಾತಿನಲ್ಲಿ 'ಕರೆಂಟ್', ಪಡೆದು ಅವರು ಗುಣಮುಖರಾದರು. ಆದರೆ ಲಾಲಾರಸ ಬತ್ತಿಹೋಯಿತು. "ಜೀವ ಉಳದೈತ್ರಿ ಫಾದರ್, ಆದ್ರ ರೊಟ್ಟಿ ನುಂಗಾಕ ಬಾಯಾಗ ನೀರಿಲ್ಲ" ಎಂದರು. "ಜೀವ ಉಳಿದದ್ದೇ ದೊಡ್ಡದಲ್ಲವೇ?" ಎಂದು ಸಮಾಧಾನ ಹೇಳಿ ಬಂದೆ. ಆಮೇಲೆ ಆ ಮಾತು ನನ್ನನ್ನೇ ಚುಚ್ಚಿತು. ಬದುಕುಳಿದವರಿಗೆ ನೋವನ್ನು ಹೇಳಿಕೊಳ್ಳುವ ಹಕ್ಕಿಲ್ಲವೇ?

ಇದು ದೂರದ ಸಂಗತಿಯಲ್ಲ. ತಂಬಾಕಿಗೆ ಹೆಸರಾದ ನಿಪ್ಪಾಣಿ ನಮ್ಮ ಜಿಲ್ಲೆಯಲ್ಲಿದೆ. ಗುಟ್ಕಾ ಜಗಿಯುವ ಚಟ ನಮ್ಮ ಓಣಿಗಳಲ್ಲಿದೆ. ನಮ್ಮ ಬಾಯಿಗೆ ಲಾಲಾರಸವನ್ನು ಮುಖ್ಯವಾಗಿ ಒದಗಿಸುವುದು ಮೂರು ಜೊತೆ ಗ್ರಂಥಿಗಳು. ವಿಕಿರಣದಿಂದ ಅವುಗಳ ಕೋಶಗಳು ನಾಶವಾದರೆ ರುಚಿ ಕೆಡುತ್ತದೆ, ಹಲ್ಲುಗಳು ಹುಳುಕಾಗುತ್ತವೆ, ನಿದ್ರೆ ಮುರಿಯುತ್ತದೆ.

ವಿಜ್ಞಾನಿಗಳು ಈ ನೋವನ್ನು ಕ್ಷುಲ್ಲಕವೆಂದು ಬದಿಗಿಡಲಿಲ್ಲ. ಕೆನ್ನೆಯ ಬಳಿಯ ಗ್ರಂಥಿಗೆ ವಿಕಿರಣ ಹೆಚ್ಚು ತಾಗದಂತೆ ಗುರಿಯಿಟ್ಟಾಗ, ವರ್ಷದ ಬಳಿಕ ಗಮನಾರ್ಹ ಬಾಯಿಯೊಣಗು ಶೇ. 74ರಿಂದ ಶೇ. 38ಕ್ಕೆ ಇಳಿದುದನ್ನು 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗ ತೋರಿಸಿತು. ಈಗಾಗಲೇ ಹಾನಿಗೊಂಡ ಗ್ರಂಥಿಯನ್ನು ಪುನಶ್ಚೇತನಗೊಳಿಸುವ ಯತ್ನವೂ ನಡೆದಿದೆ. ಡೆನ್ಮಾರ್ಕಿನಲ್ಲಿ 30 ರೋಗಿಗಳನ್ನೊಳಗೊಂಡ ಪ್ರಯೋಗವೊಂದರಲ್ಲಿ, ರೋಗಿಯ ಕೊಬ್ಬಿನಿಂದಲೇ ತೆಗೆದ ಕಾಂಡಕೋಶಗಳನ್ನು ಗ್ರಂಥಿಗೆ ಚುಚ್ಚಿದಾಗ ನಾಲ್ಕು ತಿಂಗಳಲ್ಲಿ ಲಾಲಾರಸ ಸುಮಾರು ಅರ್ಧದಷ್ಟು ಹೆಚ್ಚಿತೆಂದು 2018ರಲ್ಲಿ ವರದಿಯಾಯಿತು. ದಾನಿಗೆ ಗಂಭೀರ ಹಾನಿಯಾಗದಂತೆ ವಯಸ್ಕ ದೇಹದಿಂದ ಪಡೆದ ಕಾಂಡಕೋಶಗಳ ಬಳಕೆ ನೀತಿಸಮ್ಮತವೆಂದು ವ್ಯಾಟಿಕನ್ 2008ರ 'ದಿಗ್ನಿತಾಸ್ ಪರ್ಸೋನೆ'ಯಲ್ಲಿ ತಿಳಿಸಿದೆ.

ಆದರೆ ಇದಿನ್ನೂ ಪ್ರಯೋಗವೇ ಹೊರತು ಸ್ಥಾಪಿತ ಚಿಕಿತ್ಸೆಯಲ್ಲ. ಇಂಥವನ್ನು ಅನುಮೋದಿತ ಪ್ರಯೋಗದ ಹೊರಗೆ ಮಾರಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಇಲ್ಲದ ಭರವಸೆಯನ್ನು ತೋರಿಸಿ ಬಡವನ ಹೊಲ ಮಾರಿಸುವುದು ಪಾಪ. "ಜೀವ ಉಳಿಯಿತಲ್ಲ" ಎಂದು ಅವನ ಬಾಯಿ ಮುಚ್ಚಿಸುವುದೂ ತಪ್ಪೇ. ಇವೆರಡರಲ್ಲೂ ನಾವು ರೋಗಿಯ ಮಾತನ್ನು ಕೇಳಿಸಿಕೊಂಡಿರುವುದಿಲ್ಲ.

ಪ್ರಿಯ ವಾಚಕರೇ, ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯವನ್ನು ನೆನೆಯಿರಿ. ಯಾಯೀರನ ಹನ್ನೆರಡು ವರ್ಷದ ಮಗಳಿಗೆ ಪ್ರಭು ಜೀವವನ್ನು ಮರಳಿ ಕೊಟ್ಟರು. ಅಷ್ಟಕ್ಕೇ ನಿಲ್ಲದೆ, ಆಕೆಗೆ ಊಟ ಕೊಡುವಂತೆ ಮನೆಯವರಿಗೆ ತಿಳಿಸಿದರು. ಜೀವ ಮರಳಿದ ಮೇಲೂ ಆಕೆಯ ಹಸಿವು ಅವರ ಗಮನದಲ್ಲಿತ್ತು.

ಮುಂದಿನ ತಿಂಗಳು ಆ ಹಿರಿಯರ ಮನೆಗೆ ಹೋದಾಗ ನಾನು ಸಮಾಧಾನದ ಮಾತು ಹೇಳಲಿಲ್ಲ. ಚಮಚದಲ್ಲಿ ನೀರು ಕೊಟ್ಟು, ಅವರು ನುಂಗುವವರೆಗೂ ಕಾದು ಕುಳಿತೆ.