ರಾಜದ್ರೋಹಿಗೆ ಮದ್ದು ಸಲ್ಲುತ್ತದೆಯೇ?

1327ರ ಸುಮಾರಿಗೆ ದಿಲ್ಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತ ಬಹಾವುದ್ದೀನ್ ಗುರ್ಶಾಸ್ಪ್, ಕಂಪ್ಲಿಯ ಕಂಪಿಲರಾಯನ ಮರೆಹೊಕ್ಕ. ಬಂದವನು ಅನ್ಯಧರ್ಮೀಯ, ಮೇಲಾಗಿ ಸುಲ್ತಾನನ ಪಾಲಿಗೆ ಅಪರಾಧಿ. ರಾಯ ಅವನನ್ನು ಬಿಟ್ಟುಕೊಡಲಿಲ್ಲ. ರಾಜ್ಯವನ್ನೂ ಪ್ರಾಣವನ್ನೂ ತೆತ್ತ.

ವೈದ್ಯಶಾಸ್ತ್ರ ಅಷ್ಟು ಉದಾರಿಯಲ್ಲ. ರಾಜನಿಗೆ, ಜನರಿಗೆ ಬೇಡವಾದವರಿಗೆ ಔಷಧ ಕೊಡಬಾರದೆಂದು ಚರಕಸಂಹಿತೆಯ ವಿಮಾನಸ್ಥಾನ ಶಿಷ್ಯನಿಗೆ ವಿಧಿಸುತ್ತದೆ. ಅದೇ ಗ್ರಂಥದ ಚಿಕಿತ್ಸಾಸ್ಥಾನವೋ, ಹಣದಾಸೆ ಬಿಟ್ಟು ಭೂತದಯೆಯಿಂದ ಚಿಕಿತ್ಸೆ ಮಾಡುವವನೇ ಶ್ರೇಷ್ಠನೆನ್ನುತ್ತದೆ.

ಈ ಇಬ್ಬಂದಿಯಲ್ಲಿ ಸುಪ್ರೀಂ ಕೋರ್ಟ್ ದಯೆಯ ಪಕ್ಷ ಹಿಡಿಯಿತು. ಗಾಯಾಳು ನಿರಪರಾಧಿಯೋ ಅಪರಾಧಿಯೋ ಎಂದು ನೋಡದೆ ಜೀವ ಉಳಿಸುವುದು ವೈದ್ಯನ ಕರ್ತವ್ಯವೆಂದು 1989ರ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತು. ಸಂವಿಧಾನದ 21ನೇ ವಿಧಿಯ ರಕ್ಷಣೆಯೂ ನಾಗರಿಕರಿಗಷ್ಟೇ ಮೀಸಲಲ್ಲ.

ತೊಡಕು ಇರುವುದು ತುರ್ತು ಮುಗಿದ ಮೇಲೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ; ಉಳಿದವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ ಸರಕಾರ ಭರಿಸುತ್ತದೆ, ಮಿತಿ 1.5 ಲಕ್ಷ. ಎಲ್ಲಕ್ಕೂ ಆಧಾರ್, ಪಡಿತರ ಚೀಟಿಯೇ ಆಧಾರ. ಸಂಡೂರಿನ ತೋರಣಗಲ್ಲಿಗೆ ದುಡಿಯಲು ಬಂದ ಹೊರರಾಜ್ಯದವನು ಊರಿನ ಕಾರ್ಡ್ ತೋರಿಸಿಯಾನು. ಯಾವ ದೇಶದ ಕಾಗದವೂ ಇಲ್ಲದವನು ಏನು ತೋರಿಸಬೇಕು? ಬಳ್ಳಾರಿ ಕೇಂದ್ರ ಕಾರಾಗೃಹದ ಕೈದಿಯ ಚಿಕಿತ್ಸೆ ಸರಕಾರದ್ದೇ ಹೊಣೆ. ಆದರೆ ಹೊರಗಿನ ಆಸ್ಪತ್ರೆಗೆ ಹೋಗಲು ವೈದ್ಯರ ಶಿಫಾರಸಿನ ಜೊತೆ ಬೆಂಗಾವಲು ಪೊಲೀಸರೂ ಬೇಕು.

ಕಾಯಿಲೆ ಅವನವನ ಕರ್ಮವೆನ್ನುವವರಿದ್ದಾರೆ. ನ್ಯಾಯಾಲಯ ವಿಧಿಸುವುದು ಸೆರೆವಾಸವನ್ನು, ರೋಗವನ್ನಲ್ಲ. ಎನ್‌ಸಿಆರ್‌ಬಿಯ 2022ರ ಲೆಕ್ಕದಂತೆ ದೇಶದ ಪ್ರತಿ ನಾಲ್ವರು ಕೈದಿಗಳಲ್ಲಿ ಸುಮಾರು ಮೂವರು ವಿಚಾರಣಾಧೀನರು. ಅವರ ತಪ್ಪೇ ಇನ್ನೂ ಸಾಬೀತಾಗಿಲ್ಲ.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಹಂಪಿಯ ದಾಸೋಹದ ಪಂಕ್ತಿಯಲ್ಲಿ ಯಾರೆಂದು ಕೇಳದೆ ಬಡಿಸಬಹುದು. ಊಟಕ್ಕೂ ಡಯಾಲಿಸಿಸ್‌ಗೂ ಖರ್ಚಿನಲ್ಲಿ ಅಜಗಜಾಂತರ. ಸಂಡೂರಿನ ಗಣಿಧೂಳು ಕುಡಿದು ಕೆಮ್ಮುವ ಕೂಲಿಯವನು ಹೊಸಪೇಟೆಯ ಆಸ್ಪತ್ರೆಯಲ್ಲಿ ಸರದಿ ಕಾಯುವಾಗ, ಮೊದಲ ಹಕ್ಕು ತನ್ನದೆಂದರೆ ತಪ್ಪೆನ್ನಲಾಗದು.

ಹಣಕ್ಕೆ ಮಿತಿ ಇರಲೇಬೇಕು. ಆ ಮಿತಿಯನ್ನು ರೋಗದ ತೀವ್ರತೆ, ಚಿಕಿತ್ಸೆಯ ವೆಚ್ಚ ನೋಡಿ ಹಾಕಲಿ, ರೋಗಿಯ ಚರಿತ್ರೆ ನೋಡಿ ಅಲ್ಲ. ಕಾರ್ಡ್ ಇಲ್ಲದವರಿಗಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ಪ್ರತ್ಯೇಕ ನಿಧಿಯೊಂದನ್ನು ಸರಕಾರ ತೆಗೆದಿಡಬೇಕು.