ಗಡುವೂ ದಯೆಯೂ

ದಕ್ಷಿಣ ಆಫ್ರಿಕದ ಪೂರ್ವತೀರದಲ್ಲಿ ಡರ್ಬನ್ ಎಂಬ ರೇವುಪಟ್ಟಣವಿದೆ. ಅಲ್ಲಿಂದ ಒಳನಾಡಿಗೆ, ಗುಡ್ಡಗಳನ್ನು ಹತ್ತಿ ಇಳಿದು ಹೋಗುವ ದಾರಿಯಲ್ಲಿ, ಸುಮಾರು ೯೦ ಕಿಲೋಮೀಟರು ದೂರಕ್ಕೆ ಪೀಟರ್‌ಮಾರಿಟ್ಸ್‌ಬರ್ಗ್ ನಗರ. ಈ ಎರಡು ಊರುಗಳ ನಡುವೆ ವರ್ಷಕ್ಕೊಮ್ಮೆ 'ಕಾಮ್ರೇಡ್ಸ್ ಮ್ಯಾರಥಾನ್' ಎಂಬ ಓಟದ ಪಂದ್ಯ ನಡೆಯುತ್ತದೆ. ಸಾಮಾನ್ಯವಾಗಿ ಒಂದು ವರ್ಷ ಸಮುದ್ರದಿಂದ ಮೇಲಕ್ಕೆ, ಮರುವರ್ಷ ಮೇಲಿನಿಂದ ಸಮುದ್ರಕ್ಕೆ. ಮ್ಯಾರಥಾನ್ ಎಂದು ನಾವೆಲ್ಲ ಕೇಳಿರುವ ಓಟದ ದೂರ ೪೨ ಕಿಲೋಮೀಟರು ಚಿಲ್ಲರೆಯಷ್ಟೆ. ಇದು ಅದರ ಎರಡರಷ್ಟಕ್ಕೂ ಮಿಗಿಲು. ಗೆಲ್ಲುವವರು ಐದೂವರೆ ಗಂಟೆಗಳ ಆಸುಪಾಸಿನಲ್ಲಿ ಬಂದು ಮುಟ್ಟುತ್ತಾರೆ. ಅವರ ಸಂಗತಿ ಈ ಲೇಖನಕ್ಕೆ ಬೇಕಾಗಿಲ್ಲ. ನನ್ನ ಮನಸ್ಸನ್ನು ಬಹಳ ದಿನಗಳಿಂದ ಹಿಡಿದು ನಿಲ್ಲಿಸಿರುವುದು ಆ ದಿನದ ಕೊನೆಯ ಗಳಿಗೆ.

ಓಟಕ್ಕೆ ೧೨ ಗಂಟೆಗಳ ಗಡುವು. ಗಡುವು ಸಮೀಪಿಸಿದಾಗ ಒಬ್ಬ ಅಧಿಕಾರಿಯು ಕೈಯಲ್ಲಿ ಪಿಸ್ತೂಲನ್ನು ಹಿಡಿದು ಗುರಿಗೆರೆಯ ಬಳಿ ಬಂದು ನಿಲ್ಲುತ್ತಾನೆ. ನಿಲ್ಲುವುದು ಹೇಗೆಂದರೆ, ಓಡಿ ಬರುತ್ತಿರುವವರಿಗೆ ಬೆನ್ನು ತಿರುಗಿಸಿ. ಅವನ ಕಣ್ಣು ಗಡಿಯಾರದ ಮೇಲೆ ಮಾತ್ರ. ಕ್ರೀಡಾಂಗಣದ ಜನವೆಲ್ಲ ಎದ್ದು ನಿಂತು ಕೂಗುತ್ತಿರುತ್ತಾರೆ, ಬೆಳಗಿನ ಕತ್ತಲಲ್ಲಿ ಹೊರಟವರು ಸಂಜೆಯ ಮಬ್ಬಿನಲ್ಲಿ ಕಾಲೆಳೆಯುತ್ತ ಬರುತ್ತಿರುತ್ತಾರೆ, ಗಡಿಯಾರದ ಮುಳ್ಳು ಬರಬೇಕಾದಲ್ಲಿಗೆ ಬರುತ್ತದೆ, ಗುಂಡು ಹಾರುತ್ತದೆ, ದಾರಿ ಮುಚ್ಚುತ್ತದೆ. ಎರಡು ಹೆಜ್ಜೆ ಹಿಂದೆ ಉಳಿದವನಿಗೆ ಪದಕವಿಲ್ಲ. ಓಟವನ್ನು ಮುಗಿಸಿದವರ ಪಟ್ಟಿಯಲ್ಲಿ ಹೆಸರೂ ಇಲ್ಲ. ಮುಂದಿನವನಿಗೂ ಇವನಿಗೂ ಅಂತರವೆಷ್ಟು? ಒಂದು ಉಸಿರಿನಷ್ಟು. ಇಬ್ಬರೂ ಓಡಿದ ದೂರ ಒಂದೇ. ಪಟ್ಟ ನೋವೂ ಒಂದೇ.

ಇದು ನ್ಯಾಯವೇ?

ಪ್ರಶ್ನೆ ಆಟದ್ದೆಂದು ಓದುಗರು ತಳ್ಳಿಹಾಕಬಾರದು. ಕಂದಾಯದ ಕೊನೆಯ ದಿನ, ಅರ್ಜಿಯ ಕೊನೆಯ ದಿನ, ಪರೀಕ್ಷೆಯಲ್ಲಿ ತೇರ್ಗಡೆಗೆ ಬೇಕಾದ ಅಂಕ, ನೌಕರಿಗೆ ಗೊತ್ತುಮಾಡಿದ ವಯಸ್ಸು: ನಮ್ಮ ಬಾಳಿನ ತುಂಬ ಇಂಥ ಗೆರೆಗಳೇ. ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಒಮ್ಮೆ ಪರೀಕ್ಷೆಯ ಕೊಠಡಿಯಲ್ಲಿ ಗಂಟೆ ಹೊಡೆದ ಮೇಲೂ ಬರೆಯುತ್ತಿದ್ದ ಒಬ್ಬ ಹುಡುಗನ ಕೈಯಿಂದ ಉತ್ತರಪತ್ರಿಕೆಯನ್ನು ಕಿತ್ತುಕೊಂಡೆನು. ವಾಕ್ಯ ಅರ್ಧಕ್ಕೆ ನಿಂತಿತು. ಅವನು ಏನನ್ನೂ ಹೇಳಲಿಲ್ಲ. ಲೇಖನಿಯ ಮುಚ್ಚಳವನ್ನು ಹಾಕಿ ಎದ್ದು ಹೋದನು. ಆ ಅರ್ಧ ವಾಕ್ಯ ಇಂದಿಗೂ ನನ್ನ ಕಣ್ಣಮುಂದಿದೆ. ನಾನು ಮಾಡಿದ್ದು ಸರಿಯೆಂದೇ ಆಗ ನಂಬಿದ್ದೆನು, ಈಗಲೂ ನಂಬುತ್ತೇನೆ. ಆದರೂ ಆ ನಂಬಿಕೆ ಮನಸ್ಸಿಗೆ ಸಮಾಧಾನವನ್ನು ಕೊಟ್ಟಿಲ್ಲ.

ನಿಯಮವು ಎಲ್ಲರಿಗೂ ಒಂದೇ ಮಾತನ್ನು ಹೇಳುವುದರಿಂದ ಕೆಲವೆಡೆ ತಪ್ಪುತ್ತದೆ, ಅಲ್ಲಿ ಅದನ್ನು ತಿದ್ದುವ ಇನ್ನೊಂದು ಧರ್ಮವಿರಬೇಕು ಎಂದು ಗ್ರೀಕ್ ತತ್ತ್ವಜ್ಞನಾದ ಅರಿಸ್ಟಾಟಲನು ತನ್ನ ನೀತಿಗ್ರಂಥದಲ್ಲಿ ವಿವರಿಸಿದ್ದಾನೆ. ಲೆಸ್ಬಾಸ್ ದ್ವೀಪದ ಕಟ್ಟಡಗಳಲ್ಲಿ ಬಳಸುತ್ತಿದ್ದ ಸೀಸದ ಅಳತೆಪಟ್ಟಿಯು ಕಲ್ಲಿನ ಡೊಂಕಿಗೆ ತಕ್ಕಂತೆ ತಾನೂ ಬಾಗುತ್ತಿತ್ತಂತೆ. ಅಂಥದೇ ಹೋಲಿಕೆಯನ್ನು ಅವನು ಕೊಟ್ಟಿರುವನು. ನಮ್ಮವರು ದೇಶಕಾಲಗಳನ್ನು ನೋಡಬೇಕೆಂದದ್ದೂ, ಶಾಂತಿಪರ್ವದಲ್ಲಿ ಆಪದ್ಧರ್ಮವೆಂದು ಒಂದು ಭಾಗವನ್ನೇ ಇಟ್ಟದ್ದೂ ಇದೇ ಕಾರಣಕ್ಕೆ. ಹಾಗಾದರೆ ಪಿಸ್ತೂಲಿನವನೂ ಸ್ವಲ್ಪ ಬಾಗಬಾರದೇಕೆ? ಹಿಂದಿರುಗಿ ನೋಡಿ ಮೂರು ಕ್ಷಣ ತಡೆಯಬಾರದೇಕೆ?

ಇಲ್ಲಿ ಒಂದು ಸೂಕ್ಷ್ಮವಿದೆ. ಅರಿಸ್ಟಾಟಲನು ಬಾಗು ಎಂದದ್ದು ನಿಯಮವನ್ನು ಮಾಡಿದವನು ಮೊದಲು ಕಾಣದೆ ಹೋದ ಸಂದರ್ಭಕ್ಕೆ. ಗಡುವಿನ ವಿಷಯದಲ್ಲಿ ಹಾಗಲ್ಲ. ಗೆರೆಯನ್ನು ಎಳೆದ ದಿನವೇ, ಅದರ ಆಚೆಗೆ ಒಂದು ಹೆಜ್ಜೆಯಲ್ಲಿ ಯಾವನಾದರೊಬ್ಬನು ಉಳಿಯುವನೆಂಬುದು ಎಳೆದವನಿಗೆ ಗೊತ್ತು. ಮೂರು ಕ್ಷಣ ತಡೆದರೆ ನಾಲ್ಕನೆಯ ಕ್ಷಣದಲ್ಲಿ ಬರುವವನು ಇದ್ದೇ ಇರುವನು. ಅವನಿಗೆ ಏನೆಂದು ಹೇಳೋಣ? ಅಲ್ಲದೆ, ತಿರುಗಿ ನೋಡುವವನು ಯಾರನ್ನು ನೋಡುತ್ತಾನೆ? ಗುರುತಿನವನನ್ನು, ಹೆಸರುವಾಸಿಯನ್ನು, ಮುಖದಲ್ಲಿ ನೋವನ್ನು ಚೆನ್ನಾಗಿ ತೋರಿಸಬಲ್ಲವನನ್ನು. ಮೌನವಾಗಿ ಬರುವವನ ಗತಿಯೇನು? ಬೆನ್ನು ತಿರುಗಿಸುವುದು ನಿಷ್ಕರುಣೆಯೆಂದು ಮೊದಲು ನನಗೆ ಕಂಡಿತ್ತು. ಈಗ ತೋರುವುದೇನೆಂದರೆ, ತನ್ನ ಕರುಣೆಯು ಪಕ್ಷಪಾತಕ್ಕೆ ಎಷ್ಟು ಹತ್ತಿರವೆಂಬುದನ್ನು ತಿಳಿದವನು ಮಾತ್ರ ಹಾಗೆ ನಿಲ್ಲಬಲ್ಲನು.

೧೯೮೯ರ ಓಟದಲ್ಲಿ ವಾಲಿ ಹೇವರ್ಡ್ ಎಂಬುವನು ಓಡಿದನು. ೧೯೩೦ರಲ್ಲಿ ಒಮ್ಮೆ, ೧೯೫೦ರಿಂದ ೧೯೫೪ರ ಒಳಗೆ ನಾಲ್ಕು ಸಲ, ಒಟ್ಟು ಐದು ಸಲ ಗೆದ್ದವನು; ಆಗ ಅವನ ವಯಸ್ಸು ೮೦. ಆ ಕಾಲದ ಗಡುವು ೧೧ ಗಂಟೆ. ಮುದುಕನು ಗೆರೆಯನ್ನು ಮುಟ್ಟಿದಾಗ ಉಳಿದಿದ್ದದ್ದು ಒಂದು ನಿಮಿಷ ೫೭ ಸೆಕೆಂಡು. ಐದು ಸಲ ಗೆದ್ದವನೆಂದು ಅವನಿಗಾಗಿ ಗುಂಡನ್ನು ತಡೆಹಿಡಿಯುವಂತಿದ್ದರೆ ಆ ಎರಡು ನಿಮಿಷಕ್ಕೆ ಬೆಲೆಯೇನಿರುತ್ತಿತ್ತು?

ಇಷ್ಟು ಹೇಳಿದ ಮೇಲೆ ಗಡುವಿನ ಪಕ್ಷಕ್ಕೆ ಜಯವಾಯಿತೆಂದು ಯಾರಾದರೂ ಎದ್ದುಹೋಗಬಹುದು. ಸ್ವಲ್ಪ ತಾಳಬೇಕು. ಈ ಗಡುವನ್ನು ಮಾಡಿದವರು ಯಾರು? ೧೯೨೧ರ ಮೇ ೨೪ರಂದು ಮೊದಲ ಓಟ ನಡೆಯಿತು. ಅದನ್ನು ಕಲ್ಪಿಸಿದವನು ವಿಕ್ ಕ್ಲಾಫಮ್. ರೈಲಿನ ಯಂತ್ರವನ್ನು ನಡೆಸುತ್ತಿದ್ದವನು. ಮೊದಲನೆಯ ಮಹಾಯುದ್ಧದಲ್ಲಿ ಸಿಪಾಯಿಯಾಗಿ ಪೂರ್ವ ಆಫ್ರಿಕದ ಬಿಸಿಲಲ್ಲಿ ನಡೆದವನು. ಸತ್ತ ಸಂಗಾತಿಗಳ ನೆನಪಿಗೆ ಕಲ್ಲನ್ನು ನೆಡುವ ಬದಲು ಓಟವನ್ನಿಡಬೇಕೆಂದು ಅವನ ಹಂಬಲ. ಅಂದು ಹೊರಟವರು ೩೪ ಮಂದಿ, ಮುಗಿಸಿದವರು ೧೬. ಗಡುವು ೧೨ ಗಂಟೆ. ೧೯೨೮ರಲ್ಲಿ ಅದನ್ನು ೧೧ಕ್ಕೆ ಇಳಿಸಿದರು. ೨೦೦೩ರಲ್ಲಿ ಮತ್ತೆ ೧೨ಕ್ಕೆ ಏರಿಸಿ, ಕೊನೆಯ ಗಂಟೆಯಲ್ಲಿ ಬರುವವರಿಗೆ ಕ್ಲಾಫಮನ ಹೆಸರಿನ ಪದಕವನ್ನು ಗೊತ್ತುಮಾಡಿದರು. ಎಂದರೆ, ಹನ್ನೊಂದೂವರೆ ಗಂಟೆಗಳಲ್ಲಿ ಓಡಿದವನು ೧೯೨೭ರಲ್ಲಿ ಓಟವನ್ನು ಮುಗಿಸಿದವನು, ೧೯೨೮ರಲ್ಲಿ ಮುಗಿಸದವನು, ೨೦೦೩ರಲ್ಲಿ ಸ್ಥಾಪಕನ ಹೆಸರಿನ ಪದಕಕ್ಕೆ ಪಾತ್ರನು. ಗೆರೆ ಆಕಾಶದಿಂದ ಬಿದ್ದದ್ದಲ್ಲ. ಮನುಷ್ಯರು ಮೇಜಿನ ಸುತ್ತ ಕುಳಿತು ಎಳೆದದ್ದು, ಅಳಿಸಿದ್ದು, ಮತ್ತೆ ಎಳೆದದ್ದು. ಆದ್ದರಿಂದ ದಯೆಗೆ ಸ್ಥಳವೇ ಇಲ್ಲವೆಂದಲ್ಲ. ಅದರ ಸ್ಥಳ ಆ ಮೇಜು. ಮುಖಗಳು ಇನ್ನೂ ಕಾಣದಿರುವಾಗ, ಎಲ್ಲರಿಗಾಗಿ ಒಟ್ಟಿಗೆ ತೋರಿಸಬೇಕಾದ ದಯೆ ಅದು. ಮೇಜಿನ ಬಳಿ ಕಲ್ಲಾಗಿದ್ದು ಗುರಿಗೆರೆಯ ಬಳಿ ಕಣ್ಣೀರಿಡುವವರನ್ನು ನಾನು ಅಷ್ಟಾಗಿ ಮೆಚ್ಚಲಾರೆನು.

ಈ ಓಟಕ್ಕೆ ಅರ್ಧ ಶತಮಾನದಷ್ಟು ಕಾಲ ಇನ್ನೊಂದು ಗೆರೆಯೂ ಇತ್ತು. ಅದು ಹೊರಡುವ ಕಡೆಯೇ ಇತ್ತು. ೧೯೭೫ರ ತನಕ ಕರಿಯರಿಗೂ ಭಾರತೀಯರಿಗೂ ಹೆಂಗಸರಿಗೂ ಇದರಲ್ಲಿ ಅಧಿಕೃತ ಪ್ರವೇಶವಿರಲಿಲ್ಲ. ಪೀಟರ್‌ಮಾರಿಟ್ಸ್‌ಬರ್ಗ್ ಎಂಬ ಹೆಸರು ನಮ್ಮ ಮನೆಗಳಲ್ಲಿ ಅಪರಿಚಿತವಲ್ಲವಷ್ಟೆ: ೧೮೯೩ರ ಜೂನ್ ೭ರ ರಾತ್ರಿ, ಡರ್ಬನ್ನಿನಿಂದ ಹೊರಟ ತರುಣ ಗಾಂಧಿಯನ್ನು, ಕೈಯಲ್ಲಿ ಮೊದಲನೆಯ ತರಗತಿಯ ಟಿಕೆಟ್ಟು ಇದ್ದರೂ, ಗಾಡಿಯಿಂದ ಹೊರಗೆ ದಬ್ಬಿದ್ದು ಅದೇ ಊರಿನ ನಿಲ್ದಾಣದಲ್ಲಿ. ಆ ಗೆರೆಯೂ ಈ ಗೆರೆಯೂ ಒಂದೇ ಜಾತಿಯವು. ಗಡುವಿನ ಗೆರೆಯು 'ಬೇಗ ಬಾ' ಎನ್ನುತ್ತದೆ. ಹುಟ್ಟಿನ ಗೆರೆಯು 'ನೀನು ಎಷ್ಟು ಬೇಗ ಬಂದರೂ ಬರಲಿಲ್ಲವೆಂದೇ ಲೆಕ್ಕ' ಎನ್ನುತ್ತದೆ. ೧೯೨೩ರಲ್ಲಿ ಫ್ರಾನ್ಸೆಸ್ ಹೇವರ್ಡ್ ಎಂಬ ಹೆಂಗಸು, ಪ್ರವೇಶವನ್ನು ನಿರಾಕರಿಸಿದರೂ, ತಾನಾಗಿ ಓಡಿ ೧೧ ಗಂಟೆ ೩೫ ನಿಮಿಷಕ್ಕೆ ಬಂದು ಮುಟ್ಟಿದಳು; ಆಗಿನ ೧೨ ಗಂಟೆಗಳ ಒಳಗೇ. ಅವಳಿಗೆ ಪದಕ ಸಿಗಲಿಲ್ಲ; ಓಟಗಾರರೂ ನೋಡುಗರೂ ಸೇರಿ ಬೆಳ್ಳಿಯ ಚಹಾ ಪಾತ್ರೆಗಳನ್ನು ಉಡುಗೊರೆ ಕೊಟ್ಟರು. ೧೯೩೫ರಲ್ಲಿ ರಾಬರ್ಟ್ ಮ್ಷಾಲಿ ಎಂಬ ಕರಿಯನು ಒಂಬತ್ತೂವರೆ ಗಂಟೆಗಳಲ್ಲಿ ಓಡಿದನು. ೧೧ ಗಂಟೆಯ ಗಡುವಿಗೆ ಇನ್ನೂ ಒಂದೂವರೆ ಗಂಟೆ ಉಳಿದಿತ್ತು. ಅವನ ಹೆಸರಿನ ಪದಕವೊಂದು ೨೦೧೯ರಲ್ಲಿ ಬಂದಿತು. ಎಂಬತ್ತನಾಲ್ಕು ವರ್ಷ! ಈ ತಡಕ್ಕೆ ಯಾವ ಗಡುವೂ ಇರಲಿಲ್ಲ.

ನಿಯಮ ಕಠಿನವಾಗಿರಲಿ, ಆದರೆ ಅದನ್ನು ಮುಟ್ಟುವ ದಾರಿ ಎಲ್ಲರಿಗೂ ತೆರೆದಿರಲಿ ಎಂಬುದಿಷ್ಟನ್ನು ಇದರಿಂದ ಕಂಡುಕೊಂಡೆನು. ಅಷ್ಟರಿಂದಲೂ ನನ್ನ ಹಳೆಯ ಚುಚ್ಚು ಹೋಗಲಿಲ್ಲ. ಅದಕ್ಕೆ ಸ್ವಲ್ಪ ಮದ್ದು ದೊರೆತದ್ದು ಈ ಓಟದ ಇನ್ನೊಂದು ಪದ್ಧತಿಯಲ್ಲಿ. ಅಲ್ಲಿ 'ಬಸ್ಸು' ಎಂದೊಂದಿದೆ. ಚಕ್ರವಿಲ್ಲದ ಬಸ್ಸು. ಅನುಭವಸ್ಥನಾದ ಓಟಗಾರನೊಬ್ಬನು ಮುಂದಾಳಾಗುತ್ತಾನೆ. ಅವನನ್ನು ಚಾಲಕನೆಂದೇ ಕರೆಯುತ್ತಾರೆ. ಎಲ್ಲಿ ಓಡಬೇಕು, ಎಲ್ಲಿ ನಡೆಯಬೇಕು, ಯಾವ ಗುಡ್ಡದಲ್ಲಿ ಎಷ್ಟು ಉಸಿರನ್ನು ಉಳಿಸಬೇಕು ಎಂಬ ಲೆಕ್ಕವೆಲ್ಲ ಅವನ ತಲೆಯಲ್ಲಿ. ಅವನ ಹಿಂದೆ ಹತ್ತಾರು ಮಂದಿ, ಒಮ್ಮೊಮ್ಮೆ ನೂರಾರು ಮಂದಿ, ಹಾಡುತ್ತ ಹೋಗುತ್ತಾರೆ. ತಾನೊಬ್ಬನೇ ಹೋದರೆ ಅವನು ಇನ್ನೂ ಬೇಗ ಮುಟ್ಟಬಲ್ಲನು. ಹಿಂದಿನವರಿಗಾಗಿ ತನ್ನ ಹೊತ್ತನ್ನು ಕೊಡುತ್ತಾನೆ; ಆದರೆ ಗಡುವಿನಿಂದ ಒಂದು ಕ್ಷಣವನ್ನೂ ಸಾಲ ಕೇಳುವುದಿಲ್ಲ. ಪಿಸ್ತೂಲಿನವನು ಯಾರನ್ನೂ ನೋಡಬಾರದು; ಇವನು ಎಲ್ಲರನ್ನೂ ನೋಡುತ್ತಿರಬೇಕು. ಪೇಟೆಯಲ್ಲಿ ಕೊಂಡ ಕೈಗಡಿಯಾರವೇ ಇಬ್ಬರ ಕೈಯಲ್ಲೂ ಇರುವುದು.

ಪರೀಕ್ಷೆಯ ಕೊಠಡಿಯಲ್ಲಿ ನಾನು ಇಬ್ಬರೂ ಆಗಬಹುದಾಗಿತ್ತೆಂಬುದು ನನಗೆ ಆಮೇಲೆ ಹೊಳೆಯಿತು. ಅಂದು ಮೂರು ಗಂಟೆಗಳ ಕಾಲ ನಾನು ಕಿಟಕಿಯ ಬಳಿ ಕುಳಿತು ಏನನ್ನೋ ಓದುತ್ತಿದ್ದೆನು. ಗಂಟೆ ಹೊಡೆದಾಗ ಮಾತ್ರ ಎದ್ದೆನು. ಆ ಹುಡುಗನು ಮರುವರ್ಷ ಮತ್ತೆ ಅದೇ ಪರೀಕ್ಷೆಗೆ ಬಂದನು, ಅದೇ ಕೊಠಡಿಗೆ. ಅರ್ಧ ಗಂಟೆಗೊಮ್ಮೆ ಎದ್ದು ಉಳಿದ ಹೊತ್ತನ್ನು ಗಟ್ಟಿಯಾಗಿ ಹೇಳುತ್ತ ಬಂದೆನು. ಕೊನೆಯ ಹತ್ತು ನಿಮಿಷಗಳಲ್ಲಿ ಬೆಂಚುಗಳ ನಡುವೆ ನಡೆದು ಮತ್ತೊಮ್ಮೆ ಹೇಳಿದೆನು. ಅವನು ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿ, ಬರೆಯುತ್ತಿದ್ದುದನ್ನು ಬಿಟ್ಟು ಕೊನೆಯ ಪ್ರಶ್ನೆಗೆ ಹಾಳೆಯನ್ನು ಮಗುಚಿದನು.